ಕೂಡಿ ಮಾಡುವ ಕೆಲಸ

ಮಾಹಿತಿ ತಂತ್ರಜ್ಞಾನದ ಯೋಜನೆಯೆಂದರೆ ಗಣಕಯಂತ್ರದ ಮುಂದೆ ಕುಳಿತು ದುಡಿಯುವುದಷ್ಟೇ ಎಂದು ಅನೇಕ ವಿದ್ಯಾರ್ಥಿಗಳು ತಿಳಿದಿದ್ದಾರೆ. ಆದರೆ ಅಂತಹ ಕಾರ್ಯದ ಸೋಲು ಗೆಲುವುಗಳು ಬಹುಮಟ್ಟಿಗೆ ಯಂತ್ರವನ್ನು ಮುಟ್ಟುವ ಮೊದಲೇ ನಿಶ್ಚಯವಾಗುತ್ತವೆ ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನ ವಿಲ್ಸನ್ ಗಾರ್ಡನ್ ಬಡಾವಣೆಯ ಪ್ರೌಢಶಾಲೆಯೊಂದರ ಐವರು ವಿದ್ಯಾರ್ಥಿಗಳು ತಮ್ಮ ಶಾಲೆಯ ಪುಸ್ತಕ ಭಂಡಾರದ ಪಟ್ಟಿಯನ್ನು ಗಣಕಯಂತ್ರಕ್ಕೆ ಅಳವಡಿಸಲು ಹೊರಟರೆಂದು ಭಾವಿಸೋಣ. ಪುಸ್ತಕಗಳನ್ನು ಐದು ಪಾಲು ಮಾಡಿಕೊಂಡು ಎಲ್ಲರೂ ಶ್ರದ್ಧೆಯಿಂದ ದುಡಿಯುತ್ತಾರೆ. ಒಬ್ಬನು ಲೇಖಕರ ಹೆಸರನ್ನು ‘ಕುವೆಂಪು’ ಎಂದು ಬರೆಯುತ್ತಾನೆ, ಇನ್ನೊಬ್ಬಳು ‘ಕೆ. ವಿ. ಪುಟ್ಟಪ್ಪ’ ಎಂದು ಬರೆಯುತ್ತಾಳೆ. ಎರಡೂ ಸರಿಯೇ. ಆದರೆ ಯಂತ್ರದ ಪಾಲಿಗೆ ಅವರು ಬೇರೆ ಬೇರೆ ಲೇಖಕರು. ‘ಕುವೆಂಪು’ ಎಂದು ಹುಡುಕುವ ಓದುಗನಿಗೆ ಅವರ ಹಲವು ಕೃತಿಗಳು ದೊರೆಯುವುದೇ ಇಲ್ಲ. ಇಲ್ಲಿ ಯಾರ ಪರಿಶ್ರಮವೂ ಕಡಿಮೆಯಲ್ಲ. ಕಡಿಮೆಯಾದುದು ಪರಸ್ಪರ ಒಡಂಬಡಿಕೆ.

ಇಂತಹ ಕೊರತೆ ಬಲ್ಲವರನ್ನೂ ಬಿಡದು. 1999ರಲ್ಲಿ ಅಮೆರಿಕದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆಯು ಮಂಗಳಗ್ರಹವನ್ನು ಸಮೀಪಿಸಿದಾಗ ನಾಶವಾಯಿತು. ಒಂದು ತಂಡದ ತಂತ್ರಾಂಶವು ಬಲದ ಲೆಕ್ಕವನ್ನು ಪೌಂಡಿನ ಅಳತೆಯಲ್ಲಿ ಕೊಟ್ಟಿತ್ತು. ಇನ್ನೊಂದು ತಂಡವು ಅದನ್ನು ಮೆಟ್ರಿಕ್ ಅಳತೆಯೆಂದೇ ಎಣಿಸಿತ್ತು.

ಇದಕ್ಕೆ ಪ್ರತಿಯಾಗಿ ನಮ್ಮ ನಾಡಿನಲ್ಲಿಯೇ ಒಂದು ಸತ್ಪ್ರಯತ್ನವುಂಟು. ಕರ್ನಾಟಕ ಹಾಗೂ ಅಂದಿನ ಆಂಧ್ರಪ್ರದೇಶದ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕೂಡಿ ‘ಸ್ಟಡ್‌ಸ್ಯಾಟ್’ ಎಂಬ ಪುಟ್ಟ ಉಪಗ್ರಹವನ್ನು ನಿರ್ಮಿಸಿದರು. ಅದರ ತೂಕ ಒಂದು ಕಿಲೋಗ್ರಾಮಿಗಿಂತಲೂ ಕಡಿಮೆ. 2010ರ ಜುಲೈ 12ರಂದು ಶ್ರೀಹರಿಕೋಟೆಯಿಂದ ಅದು ಕಕ್ಷೆಗೇರಿತು. ಅಷ್ಟು ಕಿರಿದಾದ ಪೆಟ್ಟಿಗೆಯಲ್ಲಿ ಒಬ್ಬರ ಭಾಗವು ಇನ್ನೊಬ್ಬರ ಭಾಗಕ್ಕೆ ಹೊಂದದಿದ್ದರೆ ಏಳು ಕಾಲೇಜುಗಳ ಜಾಣ್ಮೆಯೂ ವ್ಯರ್ಥವಾಗುತ್ತಿತ್ತು.

“ಮಾತಿನಲ್ಲಿ ಕಾಲ ಕಳೆಯುವುದೇಕೆ? ತಡವಾದರೆ ಇನ್ನಿಬ್ಬರು ಗೆಳೆಯರನ್ನು ಕರೆದರಾಯಿತು” ಎಂದು ಕೆಲವರು ಹೇಳಬಹುದು. ದೊಡ್ಡ ತಂತ್ರಾಂಶವೊಂದರ ನಿರ್ಮಾಣವನ್ನು ನಿರ್ವಹಿಸಿದ್ದ ಫ್ರೆಡ್ ಬ್ರೂಕ್ಸ್ ಎಂಬ ಅಮೆರಿಕದ ವಿದ್ವಾಂಸರು 1975ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದಕ್ಕೆ ಉತ್ತರವಿತ್ತಿದ್ದಾರೆ. ತಡವಾದ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆಂಬುದು ಅವರ ಅನುಭವ. ಹೊಸಬರಿಗೆ ಕೆಲಸ ತಿಳಿಸಬೇಕು. ಹಳಬರೇ ಅದಕ್ಕೆ ಸಮಯ ಕೊಡಬೇಕು.

ಆದುದರಿಂದ ವಿದ್ಯಾರ್ಥಿಗಳು ಮೊದಲು ಕಾಗದ ಲೇಖನಿಗಳನ್ನು ಹಿಡಿಯಲಿ. ಈ ಕೆಲಸ ಯಾರಿಗಾಗಿ, ಎಷ್ಟು ಮಾಡಬೇಕು, ಯಾವುದನ್ನು ಬಿಡಬೇಕು, ಯಾರ ಹೊಣೆ ಯಾವುದು ಎಂಬುದನ್ನು ಬರೆದುಕೊಳ್ಳಲಿ. ಹತ್ತೇ ಪುಸ್ತಕಗಳ ಪಟ್ಟಿ ಮಾಡಿ ಪರೀಕ್ಷಿಸಲಿ. ತಪ್ಪುಗಳನ್ನು ತಿದ್ದಿ ಮುಂದುವರಿಯಲಿ. ಅಂಗಡಿಯಲ್ಲಿ ಕೊಂಡು ತಂದ ಸಿದ್ಧ ಯೋಜನೆಯಿಂದ ಅಂಕಗಳು ದೊರೆತಾವು. ನಾಲ್ವರೊಡನೆ ಕೂಡಿ ಒಂದು ಕೆಲಸವನ್ನು ಕೊನೆಮುಟ್ಟಿಸುವ ಶಕ್ತಿ ಮಾತ್ರ ದೊರೆಯದು.