ಮಿದುಳು ಕಾಯುವ ಸೊಪ್ಪು ಸರಿ, ಬೆನ್ನ ಮೇಲಿನ ಪಂಪು?

ಒಂದೆಲಗಕ್ಕೆ ಈಗ ಶುಕ್ರದೆಸೆ. ತೋಟದ ಕಣಿಯ ಅಂಚಿನಲ್ಲಿ ತನ್ನಷ್ಟಕ್ಕೆ ಹಬ್ಬುತ್ತಿದ್ದ, ಮನೆಯಲ್ಲಿ ತಂಬುಳಿ, ಚಟ್ನಿಗೆ ಮಾತ್ರ ಬೇಕಾಗುತ್ತಿದ್ದ ಸೊಪ್ಪು ಇಂದು ಮಾತ್ರೆ, ಪುಡಿ, ಸಿರಪ್ಪಾಗಿ ಅಂಗಡಿಯಲ್ಲಿ ಕೂತಿದೆ. ನೀರುಬ್ರಾಹ್ಮಿ, ಅಶ್ವಗಂಧ, ಅರಸಿನದ್ದೂ ಇದೇ ಕತೆ. “ಮಿದುಳಿನ ಕೋಶಗಳನ್ನು ಕಾಪಾಡುತ್ತದೆ, ಪ್ರಯೋಗಾಲಯದಲ್ಲಿ ಸಾಬೀತು” ಎಂಬ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಅದರ ಬೆನ್ನಿಗೇ “ಎಕರೆಗೆ ಇಷ್ಟು ಲಾಭ” ಎನ್ನುವವರೂ ಬರುತ್ತಾರೆ.

ಈ ಸಂಶೋಧನೆಗಳು ಸುಳ್ಳು ಅಂತ ನಾನು ಹೇಳುತ್ತಿಲ್ಲ. ನನ್ನ ತಕರಾರೇ ಬೇರೆ. ಇವುಗಳಲ್ಲಿ ಮತ್ತೆ ಮತ್ತೆ ಹೆಸರು ಕೇಳಿಬರುವ ಒಂದು ಕಿಣ್ವ, ಅಂದರೆ ಎನ್‌ಜೈಮ್ ಇದೆ. ನಾವು ಕೃಷಿಕರು ಪಂಪು ಬೆನ್ನಿಗೆ ಹಾಕಿಕೊಂಡು ವರ್ಷ ವರ್ಷವೂ ಏಟು ಕೊಡುತ್ತಿರುವುದು ಅದೇ ಕಿಣ್ವಕ್ಕೆ. ಈ ಎರಡನ್ನೂ ಒಟ್ಟಿಗಿಟ್ಟು ಯಾರೂ ಮಾತಾಡುವುದಿಲ್ಲ.

ಕಿಣ್ವದ ಹೆಸರು ಅಸಿಟೈಲ್‌ಕೋಲಿನ್‌ಎಸ್ಟರೇಸ್. ಹೆಸರು ಉದ್ದ, ಕೆಲಸ ಸರಳ. ನಮ್ಮ ಒಂದು ನರದಿಂದ ಇನ್ನೊಂದು ನರಕ್ಕೆ, ನರದಿಂದ ಸ್ನಾಯುವಿಗೆ ಸುದ್ದಿ ಮುಟ್ಟಿಸುವ ವಸ್ತುಗಳಲ್ಲಿ ಅಸಿಟೈಲ್‌ಕೋಲಿನ್ ಒಂದು. ಸುದ್ದಿ ಮುಟ್ಟಿದ ಕೂಡಲೇ ಅದನ್ನು ಒಡೆದು ಜಾಗ ಖಾಲಿ ಮಾಡಬೇಕು. ತೋಟಕ್ಕೆ ನೀರು ಬಿಟ್ಟ ಹಾಗೆ ನೋಡಿ. ಬಿಟ್ಟರಷ್ಟೇ ಸಾಲದು, ಹೊತ್ತಿಗೆ ಸರಿಯಾಗಿ ಕಟ್ಟಲೂ ಬೇಕು. ಆ ಕಟ್ಟುವ ಕೆಲಸ ಈ ಕಿಣ್ವದ್ದು. ಇದರ ಒಂದು ಅಣು ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಒಡೆದು ಹಾಕುತ್ತದೆ.

ವಯಸ್ಸಾದವರಲ್ಲಿ ಮರೆವು ತರುವ ಆಲ್‌ಜೈಮರ್ ಕಾಯಿಲೆಯಲ್ಲಿ ಅಸಿಟೈಲ್‌ಕೋಲಿನ್ ತಯಾರಿಸುವ ಮಿದುಳಿನ ಕೋಶಗಳೇ ಸಾಯುತ್ತಾ ಹೋಗುತ್ತವೆ. ಇರುವ ಸ್ವಲ್ಪವಾದರೂ ಹೆಚ್ಚು ಹೊತ್ತು ಉಳಿಯಲಿ ಎಂದು ವೈದ್ಯರು ಈ ಕಿಣ್ವವನ್ನು ಅಳತೆಯಲ್ಲಿ ತಡೆಯುವ ಔಷಧಿ ಕೊಡುತ್ತಾರೆ. ಕಾಯಿಲೆ ಗುಣವಾಗುವುದಿಲ್ಲ, ಕೆಲವರಿಗೆ ಕೆಲವು ಕಾಲ ಸ್ವಲ್ಪ ಹಿಡಿತ ಸಿಗುತ್ತದೆ. ಅಂಥ ಒಂದು ಔಷಧಿ ಗ್ಯಾಲಂಟಮಿನ್. ಮೂಲದಲ್ಲಿ ಸ್ನೋಡ್ರಾಪ್ ಎಂಬ ಗಡ್ಡೆಗಿಡದ್ದು. ಬಲ್ಗೇರಿಯಾದವರು 1950ರ ದಶಕದಲ್ಲಿ ಅದನ್ನು ಔಷಧಿ ಮಾಡಿದರು, ಅಮೆರಿಕದಲ್ಲಿ 2001ರಲ್ಲಿ ಆಲ್‌ಜೈಮರಿಗೆ ಒಪ್ಪಿಗೆ ಸಿಕ್ಕಿತು. ಬ್ರಿಟನ್ನಿನ ವೇಲ್ಸ್ ಬೆಟ್ಟಗಳಲ್ಲಿ ಕುರಿ ಸಾಕುವ ರೈತರು ಇದಕ್ಕೆಂದೇ ಡ್ಯಾಫೊಡಿಲ್ ಬೆಳೆಸಿ ನೋಡಿದ್ದಾರೆ. ಗಿಡದಿಂದ ಔಷಧಿ, ಔಷಧಿಯಿಂದ ರೈತನಿಗೆ ಕಾಸು. ಹೀಗೂ ಆಗುತ್ತದೆ, ಇಲ್ಲವೆನ್ನಲಾಗದು.

ಇನ್ನೊಂದು ಗಿಡದ ಕತೆ ಕೇಳಿ. ಪಶ್ಚಿಮ ಆಫ್ರಿಕಾದ ಕ್ಯಾಲಬಾರ್ ಎಂಬಲ್ಲಿ ಒಂದು ಬಗೆಯ ಅವರೆಯಂಥ ಕಾಳು. ಕಳ್ಳನೋ ಸಾಚಾನೋ ಎಂದು ತಿಳಿಯಲು ಆರೋಪಿಗೆ ಅದನ್ನು ತಿನ್ನಿಸುತ್ತಿದ್ದರಂತೆ. ಬದುಕಿದರೆ ನಿರಪರಾಧಿ. ಅದರ ಸತ್ವ ಫೈಸೊಸ್ಟಿಗ್ಮಿನ್ ಕೂಡಾ ಇದೇ ಕಿಣ್ವವನ್ನು ತಡೆಯುವಂಥದ್ದು. ಅದರ ರಚನೆಯನ್ನು ನೋಡಿಕೊಂಡು ರಸಾಯನಶಾಸ್ತ್ರಜ್ಞರು ಎರಡು ದಾರಿ ಹಿಡಿದರು. ಒಂದು ದಾರಿಯಲ್ಲಿ ಆಲ್‌ಜೈಮರಿನ ಔಷಧಿ ರಿವಾಸ್ಟಿಗ್ಮಿನ್ ಬಂತು. ಇನ್ನೊಂದರಲ್ಲಿ ಕಾರ್ಬರಿಲ್, ಕಾರ್ಬೋಫ್ಯುರಾನ್‌ನಂಥ ಕೀಟನಾಶಕಗಳು ಬಂದವು. ಭೋಪಾಲದಲ್ಲಿ 1984ರಲ್ಲಿ ಸೋರಿದ ಅನಿಲ ಕಾರ್ಬರಿಲ್ ತಯಾರಿಕೆಗೆಂದು ಇಟ್ಟಿದ್ದದ್ದು. ನಮ್ಮ ಹಳ್ಳಿಯ ಮಾತಿನಲ್ಲಿ ಕಾಯಿಲೆಗೆ ಕೊಡುವುದೂ ಮದ್ದು, ಹುಳಕ್ಕೆ ಬಿಡುವುದೂ ಮದ್ದು. ಎಷ್ಟು ಸರಿ ನೋಡಿ!

ಆದರೆ ಅಳತೆ ಎಂಬುದೊಂದು ಉಂಟಲ್ಲ? ಆಸ್ಪತ್ರೆಯ ಮದ್ದು ಮಿಲಿಗ್ರಾಮ್ ಲೆಕ್ಕದಲ್ಲಿ, ವೈದ್ಯರ ಕಣ್ಣೆದುರು. ನಮ್ಮದು ಮುಚ್ಚಳದ ಲೆಕ್ಕ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಮೊನೊಕ್ರೊಟೊಫಾಸ್ ಮುಂತಾದ ‘ಫಾಸ್’ಗಳು ಇನ್ನೂ ಒರಟು. ಇವು ಕಿಣ್ವಕ್ಕೆ ಅಂಟಿಕೊಂಡರೆ ಮತ್ತೆ ಬಿಡುವುದು ಕಷ್ಟ. ಕೆಂಪು ರಕ್ತಕಣದಲ್ಲಿರುವ ಈ ಕಿಣ್ವ ಹಾಗೆ ಕೆಟ್ಟರೆ ಹೊಸ ರಕ್ತಕಣ ಹುಟ್ಟಿಯೇ ತುಂಬಬೇಕು. ದಿನಕ್ಕೆ ಸುಮಾರು ಶೇಕಡಾ 1ರಂತೆ, ಪೂರ್ತಿಯಾಗಲು ಮೂರು ನಾಲ್ಕು ತಿಂಗಳು ಬೇಕು. ಅಷ್ಟರೊಳಗೆ ಮುಂದಿನ ಸಿಂಪಡಣೆ ಬಂದಿರುತ್ತದೆ. ಜೊಲ್ಲು, ಬೆವರು, ಕಣ್ಣೀರು, ವಾಂತಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಮೈ ಅದುರುವುದು, ಕೊನೆಗೆ ಉಸಿರು ನಿಲ್ಲುವುದು, ಎಲ್ಲವೂ ಆ ಕಟ್ಟದ ನೀರಿನ ಪರಿಣಾಮ. 2013ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯಲ್ಲಿ ಮೊನೊಕ್ರೊಟೊಫಾಸ್ ಬೆರೆತ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಮದ್ದು ಹೊಡೆಯುತ್ತಿದ್ದ 20ಕ್ಕೂ ಹೆಚ್ಚು ಮಂದಿ ಜೀವ ಬಿಟ್ಟರು. ಅವರು ಯಾರೂ ವಿಷ ಕುಡಿದವರಲ್ಲ, ದುಡಿದವರು. ಸಿಂಪಡಿಸುವವನ ಮೈಗೆ ಹೆಚ್ಚಿನ ವಿಷ ಹೋಗುವುದು ಬಾಯಿಯಿಂದಲ್ಲ, ಚರ್ಮದಿಂದ. ಸೋರುವ ಪಂಪು, ಒದ್ದೆ ಅಂಗಿ, ಬರಿಗಾಲು, ಮದ್ದು ಕಲಕುವ ಬರಿಗೈ. ಇಷ್ಟು ಸಾಕು.

“ನಮ್ಮ ಅಪ್ಪ ಮೂವತ್ತು ವರ್ಷ ಹೊಡೆದಿದ್ದಾರೆ, ಏನೂ ಆಗಿಲ್ಲ” ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಅವರ ಮಾತನ್ನು ನಾನು ನಂಬುತ್ತೇನೆ. ಅದಕ್ಕೆ ಕಾರಣ ಇನ್ನೊಂದು ಕಿಣ್ವ ಇರಬಹುದು, ಪ್ಯಾರಾಕ್ಸೊನೇಸ್ ಅಂತ. ಯಕೃತ್ತು ತಯಾರಿಸಿ ರಕ್ತಕ್ಕೆ ಬಿಡುವ ಈ ಕಿಣ್ವ ಕ್ಲೋರ್‌ಪೈರಿಫಾಸಿನಂಥ ಕೆಲವು ಫಾಸ್‌ಗಳ ಉಗ್ರ ರೂಪವನ್ನು ಮಿದುಳಿಗೆ ಮುಟ್ಟುವ ಮೊದಲೇ ಒಡೆಯಬಲ್ಲುದು. ಮಿದುಳನ್ನು ನಿಜವಾಗಿ ಕಾಯುವ ಕಾವಲುಗಾರ ಅಂದರೆ ಇದು. ಆದರೆ ಇದರ ಶಕ್ತಿ ಒಬ್ಬರಿಂದ ಒಬ್ಬರಿಗೆ ಅಜಗಜಾಂತರ. ಹಸುಗೂಸುಗಳಲ್ಲಂತೂ ತೀರಾ ಕಡಿಮೆ. ಅಪ್ಪನಿಗೆ ದಕ್ಕಿದ್ದು ಕೂಲಿಗೆ ಬಂದವನಿಗೆ ದಕ್ಕಬೇಕೆಂದಿಲ್ಲ, ಅಂಗಳದಲ್ಲಿ ಅಂಬೆಗಾಲಿಡುವ ಮೊಮ್ಮಗುವಿಗೆ ಖಂಡಿತಾ ದಕ್ಕದು.

ಈಗ ಸೊಪ್ಪಿನ ಕಡೆ ಬರೋಣ. ಒಂದು ಎಲೆ ಈ ಕಿಣ್ವವನ್ನು ತಡೆಯುತ್ತದೆ ಎಂದು ಪ್ರಯೋಗಾಲಯದವರು ಹೇಗೆ ಹೇಳುತ್ತಾರೆ? ಪ್ರನಾಳದಲ್ಲಿ ಕಿಣ್ವ ಹಾಕಿ, ಅದು ಒಡೆಯುವ ವಸ್ತು ಹಾಕಿ, ಎಲೆಯ ರಸ ಸೇರಿಸುತ್ತಾರೆ. ಕಿಣ್ವ ಕೆಲಸ ಮಾಡುತ್ತಿದ್ದರೆ ಹಳದಿ ಬಣ್ಣ ಬರುತ್ತದೆ. ಬಣ್ಣ ಕಡಿಮೆಯಾದರೆ ಎಲೆಯಲ್ಲಿ ಏನೋ ಇದೆ ಅಂತ ಅರ್ಥ. 1961ರಿಂದ ಬಳಕೆಯಲ್ಲಿರುವ ಎಲ್ಮನ್ ವಿಧಾನ ಇದು. ಮುಂದೆ ಇಲಿ, ಆಮೇಲೆ ಮನುಷ್ಯ. ಪ್ರನಾಳದಲ್ಲಿ ಪಾಸಾದ ಹೆಚ್ಚಿನವು ಮನುಷ್ಯನವರೆಗೆ ಬರುವುದೇ ಇಲ್ಲ. ಹೊಟ್ಟೆಯಲ್ಲಿ ಕರಗಬೇಕು, ಯಕೃತ್ತು ದಾಟಬೇಕು, ಮಿದುಳಿನ ರಕ್ತನಾಳದ ಬಿಗಿ ಬೇಲಿ ದಾಟಬೇಕು. ಅರಸಿನದ ಕರ್ಕ್ಯುಮಿನ್ ಪ್ರನಾಳದಲ್ಲಿ ಭಾರೀ ಶೂರ, ಹೊಟ್ಟೆಗೆ ಹೋದರೆ ರಕ್ತಕ್ಕೆ ಸೇರುವುದೇ ಚೂರುಪಾರು. ನೀರುಬ್ರಾಹ್ಮಿ ಇದ್ದುದರಲ್ಲಿ ವಾಸಿ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಅದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಆಸ್ಟ್ರೇಲಿಯಾದಲ್ಲಿ 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ದಿನಕ್ಕೆ 300 ಮಿಲಿಗ್ರಾಮ್ ಸಾರ ತಿಂದ ಆರೋಗ್ಯವಂತರಿಗೆ 12 ವಾರದ ಬಳಿಕ ಕಲಿಕೆ, ನೆನಪಿನಲ್ಲಿ ಸ್ವಲ್ಪ ಗುಣ ಕಂಡಿತು. ಗಮನಿಸಿ, ಸ್ವಲ್ಪ. ಅದೂ ತೂಕ ಹಾಕಿ ಶುದ್ಧ ಮಾಡಿದ ಸಾರದಿಂದ. ಅಂದ ಹಾಗೆ ಒಂದೆಲಗವನ್ನೂ ಬ್ರಾಹ್ಮಿ ಎನ್ನುತ್ತಾರೆ, ನೀರುಬ್ರಾಹ್ಮಿಯನ್ನೂ ಬ್ರಾಹ್ಮಿ ಎನ್ನುತ್ತಾರೆ. ಎರಡೂ ಬೇರೆ ಬೇರೆ ಗಿಡಗಳು. ಬೆಳೆಸುವ ಆಸೆ ಇದ್ದವರು ಖರೀದಿದಾರನಿಗೆ ಬೇಕಾದದ್ದು ಯಾವುದೆಂದು ಮೊದಲು ಕಾಗದದಲ್ಲಿ ಬರೆಸಿಕೊಳ್ಳಿ.

ಅಡಿಕೆ ಬೆಳೆಗಾರರಿಗೂ ಒಂದು ಮಾತು. ಅಡಿಕೆಯ ಅರೆಕೋಲಿನ್ ಅಸಿಟೈಲ್‌ಕೋಲಿನ್‌ನಂತೆಯೇ ಮಿದುಳಿನಲ್ಲಿ ವೇಷ ಕಟ್ಟುತ್ತದೆ. ಅದನ್ನು ಆಲ್‌ಜೈಮರ್ ರೋಗಿಗಳಿಗೆ ಕೊಟ್ಟು ನೋಡಿದ್ದೂ ಉಂಟು, ಔಷಧಿಯಾಗಿ ನಿಲ್ಲಲಿಲ್ಲ. ಅದರ ರಚನೆಯನ್ನು ತಿದ್ದಿ ಮಾಡಿದ ಕ್ಸಾನೊಮೆಲಿನ್ ಎಂಬುದು ಮಾತ್ರ ಇನ್ನೊಂದು ವಸ್ತುವಿನ ಜೊತೆ ಸೇರಿ 2024ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗಕ್ಕೆ ಒಪ್ಪಿಗೆ ಪಡೆಯಿತು. ಕೇಳಲು ಹಿತ. ಆದರೆ ಇದನ್ನು ಹಿಡಿದುಕೊಂಡು “ಅಡಿಕೆ ಜಗಿದರೆ ಮಿದುಳಿಗೆ ಒಳ್ಳೆಯದು” ಎಂದು ಭಾಷಣ ಬಿಗಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಜಗಿಯುವ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದು 2003ರಲ್ಲೇ ತೀರ್ಮಾನಿಸಿದೆ. ಅಣು ಬೇರೆ, ಅಡಿಕೆ ಬೇರೆ. ನಮಗೆ ಬೇಕಾದ ಸುದ್ದಿಯನ್ನಷ್ಟೇ ಹೆಕ್ಕಿಕೊಂಡರೆ ನಮ್ಮ ಮಾತನ್ನು ಯಾರು ನಂಬುತ್ತಾರೆ?

ಗಿಡದಿಂದ ಬಂದು ಫಾಸ್ ವಿಷ ಏರಿದವರನ್ನು ನಿಜಕ್ಕೂ ಬದುಕಿಸುವ ವಸ್ತು ಒಂದಿದೆ, ಅಟ್ರೊಪಿನ್. ನಮ್ಮ ಉಮ್ಮತ್ತದ ಕುಟುಂಬದ ಗಿಡಗಳದ್ದು. ಆಸ್ಪತ್ರೆಯಲ್ಲಿ ಸೂಜಿಯಲ್ಲಿ ಕೊಡುತ್ತಾರೆ. ಉಮ್ಮತ್ತವನ್ನು ಮನೆಯಲ್ಲಿ ಅರೆದು ಕುಡಿಸಿದರೆ ಜೀವ ಹೋದೀತು, ಅದು ಬೇಡ. ಮಾಡಬೇಕಾದ್ದು ಇಷ್ಟೇ: ಒದ್ದೆ ಬಟ್ಟೆ ಬಿಚ್ಚಿ, ಸೋಪು ಹಾಕಿ ತೊಳೆದು, ಮದ್ದಿನ ಬಾಟ್ಲಿಯನ್ನು ಲೇಬಲ್ ಸಮೇತ ಹಿಡಿದುಕೊಂಡು ಆಸ್ಪತ್ರೆಗೆ ಓಡುವುದು.

ಸರಕಾರ ಏನೂ ಮಾಡಿಲ್ಲ ಎಂದಲ್ಲ. ಕಾರ್ಬರಿಲ್‌ಗೆ 2018ರಲ್ಲಿ, ಬಾಳೆಯ ಬುಡಕ್ಕೆ ಹಾಕುತ್ತಿದ್ದ ಫೋರೇಟ್ ಹರಳಿಗೆ 2020ರ ಕೊನೆಗೆ ನಿಷೇಧ ಬಿತ್ತು. ಆದರೆ ಯುರೋಪು 2020ರಲ್ಲಿ ಹೊರಹಾಕಿದ ಕ್ಲೋರ್‌ಪೈರಿಫಾಸನ್ನು ನಾವು ಬೇರುಹುಳಕ್ಕೆಂದು ಅಡಿಕೆ ಬುಡಕ್ಕೆ ಹೊಯ್ದಿದ್ದೇವೆ. ಒಂದೊಂದೇ ಹೆಸರು ಹೊರಗೆ ಹೋಗುವವರೆಗೆ ಹೊಡೆಯುವವನ ಗತಿ?

ಇಲ್ಲೇ ನನ್ನ ಒತ್ತಾಯ ಇರುವುದು. ಎಲೆಯ ರಸಕ್ಕೆ ಮಾಡುವ ಆ ಹಳದಿ ಬಣ್ಣದ ಪರೀಕ್ಷೆಯನ್ನೇ ಸಿಂಪಡಿಸುವವನ ರಕ್ತಕ್ಕೂ ಮಾಡಬಹುದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1974ರಿಂದಲೇ ಇಂಥ ಮದ್ದು ಮತ್ತೆ ಮತ್ತೆ ಮುಟ್ಟುವ ಕೆಲಸಗಾರರಿಗೆ ಈ ಪರೀಕ್ಷೆ ಕಡ್ಡಾಯ. ಹಂಗಾಮಿಗೆ ಮೊದಲು ಒಮ್ಮೆ ರಕ್ತ ತೆಗೆದು ಅವನವನ ಮಟ್ಟ ಬರೆದಿಡುತ್ತಾರೆ, ಏಕೆಂದರೆ ಎಲ್ಲರಿಗೂ ಒಂದೇ ಅಳತೆ ಇಲ್ಲ. ಕೆಂಪು ಕಣದ ಕಿಣ್ವ ಅದರ ಶೇಕಡಾ 70ಕ್ಕೆ ಇಳಿದರೆ ಅವನನ್ನು ಆ ಕೆಲಸದಿಂದ ತೆಗೆಯಬೇಕು, 80ಕ್ಕೆ ಏರುವ ತನಕ ಪಂಪು ಮುಟ್ಟಿಸುವಂತಿಲ್ಲ. ನಮ್ಮಲ್ಲಿ ಪೇಟೆಯ ದೊಡ್ಡ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಇದೆ, ಆದರೆ ವಿಷ ಏರಿ ಮಲಗಿದವನಿಗೆ. ನಿಂತು ದುಡಿಯುವವನಿಗೆ ಇಲ್ಲ.

ತಾಲೂಕು ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಗೆ ರಕ್ತ ನೋಡುವ ಹಾಗೆ ಇದನ್ನೂ ನೋಡುವಂತಾಗಬೇಕು. ಸಹಕಾರಿ ಸಂಘಗಳು ಮದ್ದು ಮಾರುತ್ತವೆ, ಸಾಲ ಕೊಡುತ್ತವೆ, ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಊಟವನ್ನೂ ಹಾಕುತ್ತವೆ. ಮಳೆಗಾಲಕ್ಕೆ ಮೊದಲು ಒಂದು ದಿನ ಸಿಂಪಡಿಸುವವರ ರಕ್ತ ತೆಗೆಸಿ ಲ್ಯಾಬಿಗೆ ಕಳಿಸುವುದು ಅವುಗಳಿಗೆ ದೊಡ್ಡ ಖರ್ಚೇನಲ್ಲ. ಮುಂದಿನ ಮಹಾಸಭೆಯಲ್ಲಿ ನಿಮ್ಮ ಸಂಘದಲ್ಲಿ ಈ ಪ್ರಶ್ನೆ ಎತ್ತಿ. ಏನು ಉತ್ತರ ಬಂತು ಎಂದು ಒಂದು ಕಾರ್ಡು ಬರೆದು ಪತ್ರಿಕೆಗೆ ತಿಳಿಸಿ.