ಕಾರ್ಡಿಗಿಂತ ಮೊದಲು ಸಾರಥಿ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಕಂಪ್ಯೂಟರ್ ನಿಧಾನವಾಯಿತೆಂದು ಗ್ರಾಫಿಕ್ಸ್ ಕಾರ್ಡ್ ತರಲು ಹೊಸಪೇಟೆಗೋ ದಾವಣಗೆರೆಗೋ ಬಸ್ಸು ಹತ್ತುವವರನ್ನು ಕಂಡಾಗಲೆಲ್ಲ ಈ ಗಾದೆ ನೆನಪಾಗುತ್ತದೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮಾಮೂಲು ಬೆಂಬಲ ನಿಂತಿತು. ವಿಂಡೋಸ್ 11 ಒಪ್ಪದ ಹಳೆಯ ಯಂತ್ರಗಳಿಗೆ ಉಚಿತವಾಗಿ ಸಿಗುವ ಲಿನಕ್ಸ್ ಒಳ್ಳೆಯ ದಾರಿ. ಪ್ರೌಢಶಾಲೆಯ ಮೇಷ್ಟ್ರುಗಳಿಗೆ ಅದು ಹೊಸದೇನಲ್ಲ. 2011ರಲ್ಲಿ ಶುರುವಾದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಬಳಸಿದ್ದು ಲಿನಕ್ಸಿನದೇ ಒಂದು ರೂಪವಾದ ಉಬುಂಟು. ಈಗ ಕೂಡ್ಲಿಗಿಯಿಂದ ಹಡಗಲಿಯವರೆಗೆ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳಲ್ಲೂ ಪೋಷಕರ ಪ್ರಶ್ನೆ ಒಂದೇ: ‘ಸಾರ್, ಲಿನಕ್ಸಿಗೆ ಯಾವ ಕಾರ್ಡ್ ಹಾಕಿಸಲಿ?’

ನನ್ನ ಮರುಪ್ರಶ್ನೆ: ಕಾರ್ಡ್ ಬೇಕೇ? ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ ಮನೆಬಳಕೆಯ ಇಂಟೆಲ್ ಪ್ರೊಸೆಸರುಗಳಲ್ಲಿ ಸಾಮಾನ್ಯವಾಗಿ ಒಳಗೇ ಇರುತ್ತದೆ. ಹೆಸರಿನ ಕೊನೆಗೆ ‘ಎಫ್’ ಅಕ್ಷರವಿದ್ದರೆ ಇರುವುದಿಲ್ಲ. ಜಿಯೋಜೀಬ್ರಾ, ಕನ್ನಡ ಟೈಪಿಂಗ್, ಪಾಠದ ವಿಡಿಯೋ, ಇಷ್ಟಕ್ಕೆ ಅದು ಧಾರಾಳವಾಯಿತು. ಯಂತ್ರ ತೆವಳುತ್ತಿದ್ದರೆ ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ 8 ಜಿಬಿ ಮಾಡಿಸಿ. ಜ್ವರ ಇರುವುದು ಬಹುಪಾಲು ಅಲ್ಲಿಯೇ.

ಆಟಕ್ಕೋ, ತ್ರೀ-ಡಿ ಚಿತ್ರಕ್ಕೋ ಕಾರ್ಡ್ ಬೇಕೇ ಬೇಕೆನ್ನಿ. ಆಗ ಅದರ ಶಕ್ತಿಗಿಂತ ಮೊದಲು ಡ್ರೈವರ್ ವಿಚಾರಿಸಿ. ರಥಕ್ಕೆ ಸಾರಥಿಯಿದ್ದಂತೆ, ಕಾರ್ಡನ್ನು ನಡೆಸುವ ತಂತ್ರಾಂಶ ಅದು. ಎಎಂಡಿ ಮತ್ತು ಇಂಟೆಲ್ ಕಾರ್ಡುಗಳ ಡ್ರೈವರುಗಳು ಲಿನಕ್ಸಿನ ತಿರುಳಾದ ಕರ್ನೆಲ್ಲಿನೊಳಗೇ ಇವೆ. ಅವುಗಳ ಬರಹ ಎಲ್ಲರಿಗೂ ತೆರೆದಿರುವುದರಿಂದ ಕಂಪನಿ ಕೈಬಿಟ್ಟರೂ ಬೇರೆಯವರು ದುರಸ್ತಿ ಮಾಡಬಹುದು. ಎನ್‌ವಿಡಿಯಾ ಮಾತ್ರ ಬಹುಕಾಲ ಬಾಗಿಲು ಮುಚ್ಚಿಕೊಂಡಿತ್ತು. ಲಿನಕ್ಸಿನ ಜನಕ ಲೈನಸ್ ಟೊರ್ವಾಲ್ಡ್ಸ್ 2012ರಲ್ಲಿ ತುಂಬಿದ ಸಭೆಯಲ್ಲೇ ಅದನ್ನು ಬೈದಿದ್ದರು. 2022ರ ಮೇ ತಿಂಗಳಲ್ಲಿ ಕಂಪನಿ ಡ್ರೈವರಿನ ಕರ್ನೆಲ್ ಭಾಗವನ್ನು ತೆರೆದಿಟ್ಟಿತು. ಆದರೆ ಅದು 2018ರ ಟ್ಯೂರಿಂಗ್ ಪೀಳಿಗೆ ಮತ್ತು ಆನಂತರದ ಕಾರ್ಡುಗಳಿಗೆ ಮಾತ್ರ. ಜಿಟಿ 710ರಂಥ ಹಳೆಯವಕ್ಕೆ ಕಂಪನಿಯ ಡ್ರೈವರ್ ಬೆಂಬಲ 2024ರಲ್ಲಿ ಮುಗಿಯಿತು. ಅಂಥವು ಅಗ್ಗವೆಂದು ಮರುಳಾಗಬೇಡಿ. ಮಗ ಬ್ಲೆಂಡರ್ ಅಥವಾ ಕೃತಕ ಬುದ್ಧಿಮತ್ತೆ ಕಲಿಯುತ್ತಿದ್ದರೆ ಎನ್‌ವಿಡಿಯಾವೇ ಅನುಕೂಲ. ಟ್ಯೂರಿಂಗ್ ಅಥವಾ ಈಚಿನದನ್ನೇ ಕೊಳ್ಳಿ. ಉಳಿದವರಿಗೆ ಎಎಂಡಿ ತಲೆನೋವಿಲ್ಲದ ಆಯ್ಕೆ.

ಕರೆಂಟಿನ ಲೆಕ್ಕವೂ ಇರಲಿ. ಮದರ್‌ಬೋರ್ಡಿನ ಸ್ಲಾಟ್ ಕೊಡುವುದು ಗರಿಷ್ಠ 75 ವ್ಯಾಟ್. ಅದರೊಳಗೆ ನಡೆಯುವ ಕಾರ್ಡಿಗೆ ಬೇರೆ ವೈರು ಬೇಡ. ಹೆಚ್ಚಿನದಾದರೆ ಎಸ್‌ಎಂಪಿಎಸ್ ಬದಲಿಸಬೇಕಾದೀತು. 600 ವಿಎ ಯುಪಿಎಸ್ ಹೊರುವುದು ಸಾಮಾನ್ಯವಾಗಿ 360 ವ್ಯಾಟ್. ಮಾನಿಟರ್ ಕೂಡ ಅದರಲ್ಲೇ ಪಾಲು ಕೇಳುತ್ತದೆ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಕಾರ್ಡಿನ ಫ್ಯಾನಿಗೆ ಧೂಳು ಕಟ್ಟದಂತೆಯೂ ನೋಡಿಕೊಳ್ಳಬೇಕು.

ಕೊನೆಯದಾಗಿ, ಅಂಗಡಿಗೆ ಹೋಗುವಾಗ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಒಯ್ಯಿರಿ. ಕಾರ್ಡ್ ಹಾಕಿಸಿ ಪೆನ್‌ಡ್ರೈವಿನಿಂದಲೇ ಯಂತ್ರ ಶುರುಮಾಡಿ, ವಿಡಿಯೋವೊಂದನ್ನು ಓಡಿಸಿ. ಯಂತ್ರವನ್ನು ಮಲಗಿಸಿ ಎಬ್ಬಿಸಿ ನೋಡಿ. ಪರದೆ ಸರಿಯಾಗಿ ಬಂದರೆ ಆಮೇಲೆ ದುಡ್ಡು ಎಣಿಸಿ.