ಮತವಿಲ್ಲದ ಹುಡುಗಿಯ ಮೆರವಣಿಗೆ

1912ರ ಮೇ 4. ನ್ಯೂಯಾರ್ಕ್ ನಗರದಲ್ಲಿ ಹೆಂಗಸರ ದೊಡ್ಡ ಮೆರವಣಿಗೆ ಹೊರಟಿತ್ತು. ತಮಗೂ ಮತದಾನದ ಹಕ್ಕು ಬೇಕೆಂಬುದು ಅವರ ಬೇಡಿಕೆ. ಕುದುರೆಯೇರಿ ಸಾಗಿದವರ ಸಾಲಿನಲ್ಲಿ ಹದಿನಾರರ ಹೊಸ್ತಿಲಲ್ಲಿದ್ದ ಒಬ್ಬ ಚೀನೀ ಹುಡುಗಿಯೂ ಇದ್ದಳು. ಹೆಸರು ಮೇಬೆಲ್ ಪಿಂಗ್-ಹುವಾ ಲೀ. ಚೀನಾದ ಅಂದಿನ ಪದ್ಧತಿಯಂತೆ ಆಕೆಯ ತಾಯಿಯ ಪಾದಗಳನ್ನು ಎಳವೆಯಲ್ಲೇ ಬಿಗಿದು ಕಟ್ಟಿ ಬೆಳೆಯದಂತೆ ಮಾಡಿದ್ದರು. ನಾಲ್ಕು ಹೆಜ್ಜೆ ನಡೆಯಲೂ ಕಷ್ಟ. ಅಂಥ ತಾಯಿಯ ಮಗಳು ಕುದುರೆಯ ಮೇಲೆ!

ವಿಚಿತ್ರವೆಂದರೆ, ಆ ಹೋರಾಟ ಗೆದ್ದರೂ ಮೇಬೆಲ್‌ಗೆ ಮತ ಸಿಗುವಂತಿರಲಿಲ್ಲ. 1882ರ ಕಾಯಿದೆಯೊಂದು ಚೀನೀ ಕೂಲಿಕಾರರು ಅಮೆರಿಕಕ್ಕೆ ಬರುವುದನ್ನು ತಡೆದಿತ್ತು. ಅಷ್ಟೇ ಅಲ್ಲ, ಚೀನಾದಿಂದ ಬಂದು ನೆಲೆಸಿದವರು ಆ ದೇಶದ ಪೌರರಾಗುವಂತೆಯೂ ಇರಲಿಲ್ಲ. ಪೌರತ್ವವಿಲ್ಲದೆ ಮತವೆಲ್ಲಿ ಬಂತು? ನ್ಯೂಯಾರ್ಕ್ ರಾಜ್ಯದ ಮಹಿಳೆಯರು 1917ರಲ್ಲಿ ಹಕ್ಕು ಪಡೆದರು. 1920ರಲ್ಲಿ ಸಂವಿಧಾನಕ್ಕೇ ತಿದ್ದುಪಡಿಯಾಯಿತು. ಮೇಬೆಲ್ ಮಾತ್ರ ಹೊರಗೇ ಉಳಿದರು. ಆ ಕಾಯಿದೆ ರದ್ದಾದದ್ದು 1943ರಲ್ಲಿ. (ಭಾರತದಿಂದ ಹೋದವರಿಗೆ ಪೌರತ್ವದ ಬಾಗಿಲು ತೆರೆದದ್ದು ಅದಕ್ಕೂ ತಡವಾಗಿ, 1946ರಲ್ಲಿ. ಇದು ನಮ್ಮ ಮಕ್ಕಳಿಗೆ ತಿಳಿದಿರಲಿ.)

ಮೇಬೆಲ್ ಹುಟ್ಟಿದ್ದು 1896ರಲ್ಲಿ, ಚೀನಾದ ಕ್ಯಾಂಟನ್ ಪ್ರಾಂತದಲ್ಲಿ. ತಂದೆ ನ್ಯೂಯಾರ್ಕಿನ ಚೈನಾಟೌನ್‌ನಲ್ಲಿ ಬ್ಯಾಪ್ಟಿಸ್ಟ್ ಪಾದ್ರಿ. ಬಾರ್ನಾರ್ಡ್ ಕಾಲೇಜಿನಲ್ಲಿ ಓದುವಾಗಲೇ, ಹೆಣ್ಣಿಗೆ ಸಮಾನ ಹಕ್ಕು ಏಕೆ ಬೇಕೆಂದು ಈಕೆ ಚೀನೀ ವಿದ್ಯಾರ್ಥಿಗಳ ಪತ್ರಿಕೆಗೆ ಬರೆದರು. ಮುಂದೆ ಚೀನಾದ ಬೇಸಾಯದ ಆರ್ಥಿಕ ಇತಿಹಾಸ ಕುರಿತು ಪ್ರಬಂಧ ಬರೆದು, 1921ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅಮೆರಿಕದಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಗಳಿಸಿದ ಮೊದಲ ಚೀನೀ ಮಹಿಳೆ ಎಂದು ಅವರನ್ನು ಗುರುತಿಸುತ್ತಾರೆ.

ಇಷ್ಟೆಲ್ಲ ಓದಿ ಯಾವ ಹುದ್ದೆ ಹಿಡಿದರು? ಹೆತ್ತವರು ಮೊದಲು ಕೇಳುವ ಪ್ರಶ್ನೆ ಇದೇ ತಾನೆ! ಉತ್ತರ ಎಲ್ಲರಿಗೂ ಹಿಡಿಸಲಿಕ್ಕಿಲ್ಲ. 1924ರಲ್ಲಿ ತಂದೆ ತೀರಿಕೊಂಡರು. ಡಾಕ್ಟರ್ ಲೀ ತಂದೆಯ ಕೆಲಸವನ್ನೇ ಕೈಗೆತ್ತಿಕೊಂಡರು. ಹಣ ಕೂಡಿಸಿ ಪೆಲ್ ಸ್ಟ್ರೀಟಿನಲ್ಲಿ ಚರ್ಚಿಗೂ ಸಮುದಾಯ ಕೇಂದ್ರಕ್ಕೂ ಸ್ವಂತ ನೆಲೆ ಕಟ್ಟಿದರು. ಭಾಷೆ ಬಾರದವರಿಗೆ ಅಲ್ಲಿ ಇಂಗ್ಲಿಷ್ ಪಾಠ, ದುಡಿಮೆ ಬೇಕಾದವರಿಗೆ ಕೆಲಸದ ತರಬೇತಿ, ಪುಟ್ಟ ಮಕ್ಕಳಿಗೆ ಶಿಶುವಿಹಾರ, ಕಾಯಿಲೆಯವರಿಗೆ ಚಿಕಿತ್ಸಾಲಯ. ಲಾಂಡ್ರಿಯಲ್ಲೋ ಹೋಟೆಲಿನಲ್ಲೋ ಹಗಲಿರುಳು ದುಡಿಯುತ್ತಿದ್ದ ಜನರಿಗೆ, ಅರ್ಜಿಯೊಂದನ್ನು ಓದಿ ಹೇಳುವವರು ಸಿಕ್ಕರೆ ಅದೇ ದೊಡ್ಡ ಆಸರೆ. ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಅವರು ಆ ಕೆಲಸ ಬಿಡಲಿಲ್ಲ. ಮದುವೆಯಾಗಲಿಲ್ಲ. ಆದರೂ ಆ ಬೀದಿಗಳ ಪಾಲಿಗೆ ಅವರೇ ಮನೆಯ ಹಿರಿಯರು.

1966ರಲ್ಲಿ ಅವರು ತೀರಿಕೊಂಡರು. ಆಮೇಲೆ ಬಹುಕಾಲ ಅವರ ಹೆಸರು ಚೈನಾಟೌನಿನಾಚೆ ಹೆಚ್ಚಿನವರಿಗೆ ತಿಳಿದಿರಲಿಲ್ಲ. 2018ರಲ್ಲಿ ಅಮೆರಿಕದ ಸಂಸತ್ತು, ಪೆಲ್ ಸ್ಟ್ರೀಟಿಗೆ ಹೊಂದಿಕೊಂಡ ಡೋಯರ್ಸ್ ಸ್ಟ್ರೀಟಿನ ಅಂಚೆ ಕಚೇರಿಗೆ ಅವರ ಹೆಸರಿಟ್ಟಿತು. ಚೈನಾಟೌನಿನ ಜನ ಅಂಚೆ ಚೀಟಿ ಕೊಳ್ಳಲು ಮೇಬೆಲ್ ಲೀ ಹೆಸರಿನ ಆ ಕಚೇರಿಗೇ ಹೋಗುತ್ತಾರೆ.